ಮೂಗಿನ ಅಳತೆ

ನನ್ನ ತಂಗಿ ಕೂಸಾಗಿದ್ದಾಗ ಅಜ್ಜಿ ದಿನವೂ ನೀರೆರೆಯುವ ಹೊತ್ತಿಗೆ ಅವಳ ಮೂಗನ್ನು ಎಣ್ಣೆಗೈಯಿಂದ ಹಿಡಿದು ತಿಕ್ಕುತ್ತಿದ್ದಳು. ಕೂಸು ಕಿರುಚುತ್ತಿತ್ತು. "ಈಗ ಅತ್ತರೆ ಮುಂದೆ ಅಳುವುದು ತಪ್ಪುತ್ತದೆ" ಎನ್ನುವಳು ಅಜ್ಜಿ. ಮೂಗು ಮಾತ್ರ ಅಜ್ಜಿಯ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಹುಡುಗಿಯ ಮೂಗು ಸ್ವಲ್ಪ ಅಗಲವೆಂದು ತಮ್ಮ ಮೂಗು ಮುರಿದು ಹೊರಟುಹೋದರು. ತಂಗಿ ಆ ರಾತ್ರಿ ಊಟಕ್ಕೆ ಏಳಲಿಲ್ಲ. ಮುಂದೆ ಬೇರೆ ಕಡೆ ಮದುವೆಯೇನೋ ಆಯಿತು. ನಾನೂ ಹೆಣ್ಣು ನೋಡಲು ಹೋದೆ. ಮೊದಲು ಏನನ್ನು ನೋಡಿದೆನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನಮ್ಮ ಹಜಾರದ ಮಾತೆಂದೇ ತಿಳಿದಿದ್ದೆ. ಇದಕ್ಕೆ ಸರ್ಕಾರದ ಮೊಹರೂ ಬಿದ್ದಿತ್ತೆಂದು ಗೊತ್ತಾದದ್ದು ಹರ್ಬರ್ಟ್ ರಿಸ್ಲೆಯ ವಿಚಾರ ಓದಿದಾಗ. 1901ರ ಜನಗಣತಿಯ ಕಮಿಷನರಾಗಿದ್ದ ಈ ದೊರೆ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ, ನೂರರಿಂದ ಗುಣಿಸಿ, ಅಂಕೆ ಇಳಿದಷ್ಟೂ ಆರ್ಯರಕ್ತ ಹೆಚ್ಚು, ಜಾತಿಯೂ ಮೇಲು ಎಂಬ ಲೆಕ್ಕ ಹಾಕಿದ್ದರು. ನಮ್ಮಲ್ಲಿ ಕೆಲವರಿಗೆ ಇದು ಹಿತವಾಗಿಯೇ ಇತ್ತು. ಆಳುವವರೊಡನೆ ನೆಂಟಸ್ತಿಕೆ ಯಾರಿಗೆ ಬೇಡ?

ಆ ನೆಂಟಸ್ತಿಕೆಯನ್ನು ನಂಬಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದವರು ಪಂಜಾಬಿನ ಭಗತ್ ಸಿಂಗ್ ಥಿಂಡ್. ಆ ದೇಶದ ಸೈನ್ಯದಲ್ಲಿದ್ದವರು. ಹೊರಗಿನಿಂದ ಬಂದವನಿಗೆ ಪೌರತ್ವ ಸಿಗಬೇಕಾದರೆ ಆಗ ಅವನು ಬಿಳಿಯನಾಗಿರಬೇಕಿತ್ತು, ಇಲ್ಲವೆ ಆಫ್ರಿಕ ಮೂಲದವನು. 1922ರ ನವೆಂಬರಿನಲ್ಲಿ ಜಪಾನಿನ ತಾಕಾವೊ ಒಜಾವಾ ಅವರಿಗೆ ಅದೇ ಕೋರ್ಟು, ಮೈ ಬೆಳ್ಳಗಿದ್ದರೆ ಸಾಲದು, ಬಿಳಿಯನೆಂದರೆ ಕಕೇಶಿಯನ್ ಎಂದಿತ್ತು. ಹಾಗಾದರೆ ನಾನು ಆರ್ಯ, ಕಕೇಶಿಯನ್ನನೇ ಎಂದರು ಥಿಂಡ್. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಅದೇ ನ್ಯಾಯಮೂರ್ತಿ ಸದರ್ಲೆಂಡ್ ಬರೆದ ತೀರ್ಪು ಬೇರೆಯಾಗಿತ್ತು: ಶಾಸ್ತ್ರ ಅತ್ತ ಇರಲಿ, ಸಾಮಾನ್ಯ ಜನ ಯಾರನ್ನು ಬಿಳಿಯನೆನ್ನುತ್ತಾರೋ ಅವನೇ ಬಿಳಿಯ. ಕೋಲು ತಮ್ಮ ಕೈಯಲ್ಲೇ ಇರುವಾಗ ಅಳತೆಗೇನು ಬರ!

ಆದರೆ ನನ್ನನ್ನು ಚುಚ್ಚಿದ್ದು ತೀರ್ಪಲ್ಲ, ಥಿಂಡ್ ಪರವಾದ ವಾದ. ಕರಿಯರೊಡನೆ ಮದುವೆಯ ಸಂಬಂಧವೆಂದರೆ ಅಮೆರಿಕನ್ ಹೇಗೋ, ಇಲ್ಲಿನ ಮೂಲನಿವಾಸಿಗಳ ವಿಷಯದಲ್ಲಿ ಮೇಲುಜಾತಿಯ ಹಿಂದೂ ಹಾಗೆ ಎಂದು ಅದರಲ್ಲಿತ್ತು. ನಮ್ಮ ಹಜಾರ ಸಮುದ್ರ ದಾಟಿ ಸಾಕ್ಷಿ ಹೇಳಿತ್ತು.

ಹೋದ ತಿಂಗಳು ಮೊಮ್ಮಗಳಿಗೆ ನೀರೆರೆಯುವಾಗ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದೆ. ನನ್ನ ಹೆಂಡತಿಯ ಬೆರಳು ಕೂಸಿನ ಮೂಗಿನ ಕಡೆ ಹೋಯಿತು. ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಂಗಿ ಹೇಳಿದಳು: "ಒಂದಿಷ್ಟು ಗಟ್ಟಿಯಾಗಿ ತಿಕ್ಕಿ, ಅತ್ತಿಗೆ."