ಕಾಣದ ನೊಣ

ಕಳೆದ ಬೇಸಗೆಯ ರಜದಲ್ಲಿ ತುಮಕೂರಿನ ಒಂದು ಮನೆಯೊಳಗೆ ಒಂದು ನೊಣದ ವಿಷಯವಾಗಿ ಮೂರು ದಿವಸ ವಾದವಿವಾದ ನಡೆಯಿತು. ಹಲಸಿನ ತೊಳೆಯ ಮೇಲೆ ಬಂದು ಕುಳಿತುಕೊಳ್ಳುವ ನೊಣವಾಗಿದ್ದರೆ ಬೀಸಣಿಗೆಯ ಒಂದು ಪೆಟ್ಟಿಗೆ ವಿಷಯ ಮುಗಿಯುತ್ತಿತ್ತು. ಇದು ಎಸ್. ಎಸ್. ರಾಜಮೌಳಿಯವರು 2012ರಲ್ಲಿ ತೆಲುಗಿನಲ್ಲಿ ತೆಗೆದ ‘ಈಗ’ ಎಂಬ ಚಲಚ್ಚಿತ್ರದ ಕಥಾನಾಯಕನಾದ ನೊಣ. ಹೆಸರನ್ನು ಕೇಳಿದೊಡನೆಯೇ ಎಂಟು ವರ್ಷದ ಮೊಮ್ಮಗಳು, “ಈಗ ಅಂದರೆ ಯಾವಾಗ?” ಎಂದಳು. ತೆಲುಗಿನಲ್ಲಿ ಆ ಮಾತಿಗೆ ನೊಣವೆಂದು ಅರ್ಥ ಎಂಬುದನ್ನು ಅಜ್ಜಿ ತಿಳಿಸಬೇಕಾಯಿತು.

ಅಜ್ಜಿಯ ತವರು ಪಾವಗಡದ ಸೀಮೆ. ಅಲ್ಲಿ ಮನೆಯ ಮಾತು ತೆಲುಗು. ಸೇರಿದ್ದು ಗುಬ್ಬಿಯ ಮನೆಯನ್ನು. ಪತಿವಿಯೋಗವಾದ ಮೇಲೆ ತುಮಕೂರಿನ ಮಗನಲ್ಲಿ ವಾಸ. ಎರಡು ವರ್ಷದಿಂದ ಅವರ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಮಾಡಿಸೋಣವೆಂದು ಮಗನು ಎಷ್ಟು ಸಲ ಹೇಳಿದರೂ ಒಂದೇ ಉತ್ತರ: “ನೋಡಬೇಕಾದುದನ್ನೆಲ್ಲ ನೋಡಿ ಆಯಿತು, ಇನ್ನೇನಪ್ಪ?” ಹೀಗಾಗಿ ಅವರು ದೂರದರ್ಶನದ ಮುಂದೆ ಕುಳಿತರೆ ಕೇಳುವುದಕ್ಕೆ ಮಾತ್ರವೇ ಕುಳಿತಂತೆ. ಮೊಮ್ಮಗಳಿಗಾದರೋ ಕಣ್ಣು ಚುರುಕು, ತೆಲುಗು ಬಾರದು. ಅಂದು ಇಬ್ಬರ ನಡುವೆ ತಾನಾಗಿಯೇ ಒಂದು ಒಪ್ಪಂದವಾಯಿತು. ಕಂಡುದನ್ನು ಹುಡುಗಿ ಹೇಳಬೇಕು. ಕೇಳಿದುದನ್ನು ಅಜ್ಜಿ ಕನ್ನಡಿಸಬೇಕು.

ಕಥೆ ಸರಳವಾದುದು. ಮಗಳೊಬ್ಬಳು ಮಲಗುವ ಹೊತ್ತಿನಲ್ಲಿ ಕಥೆ ಹೇಳೆಂದು ತಂದೆಯನ್ನು ಕಾಡುವಲ್ಲಿಂದಲೇ ಚಿತ್ರ ತೊಡಗುತ್ತದೆ. ಪ್ರೀತಿಸಿದ ತರುಣನೊಬ್ಬನನ್ನು ಶ್ರೀಮಂತ ದುರುಳನೊಬ್ಬನು ಕೊಲ್ಲುತ್ತಾನೆ. ಸತ್ತವನು ನೊಣವಾಗಿ ಹುಟ್ಟಿ ಹಗೆ ತೀರಿಸಿಕೊಳ್ಳುತ್ತಾನೆ. ಮನುಷ್ಯರೆಲ್ಲ ನಿಜವಾದ ನಟರು. ನೊಣ ಮಾತ್ರ ಗಣಕಯಂತ್ರದಲ್ಲಿ ಬರೆದು ಜೀವ ತುಂಬಿದ ಚಿತ್ರ. ಅದಕ್ಕೆ ಮಾತಿಲ್ಲ. ಮುಖದಲ್ಲಿ ಭಾವ ತೋರುವುದಕ್ಕೆ ನೊಣಕ್ಕೆ ಮುಖವೆಂಬುದಾದರೂ ಎಷ್ಟು? ಕಾಲು, ರೆಕ್ಕೆ, ಕತ್ತಿನ ಓಲಾಟ, ಇಷ್ಟರಲ್ಲಿಯೇ ಅದು ಅಳಬೇಕು, ನಗಬೇಕು, ಸಂಚು ಹೂಡಬೇಕು. ಈ ಕೌಶಲಕ್ಕಾಗಿ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

“ಅಜ್ಜೀ, ನೊಣ ಕನ್ನಡಕ ಹಾಕಿಕೊಂಡಿತು!”

“ಸುಳ್ಳು ಹೇಳಬೇಡ, ಮಗೂ.”

“ನಿಜ ಅಜ್ಜಿ. ಆ ಅಕ್ಕನೇ ಮಾಡಿಕೊಟ್ಟಳು. ಔಷಧಿ ಹೊಡೆದರೆ ಕಣ್ಣಿಗೆ ಹೋಗಬಾರದಲ್ಲ!”

ನಾಯಿಕೆಯು ಅತಿಸೂಕ್ಷ್ಮವಾದ ಕೆತ್ತನೆಯ ಕೆಲಸ ಬಲ್ಲವಳೆಂದು ಮೊದಲೇ ಹೇಳಿಟ್ಟಿದ್ದುದು ಇದಕ್ಕೇ ಎಂದು ಅಜ್ಜಿ ಕೂಡಲೆ ಗ್ರಹಿಸಿದರು. ಕಥೆ ಕೇಳಿ ಪಳಗಿದ ಕಿವಿ ಅದು.

ಚಿತ್ರ ಮುಗಿದ ಮೇಲೆ ಅಭಿಪ್ರಾಯಗಳು ಹೊರಟುವು. ಇದು ಮಕ್ಕಳ ಚಿತ್ರವೇ ಅಲ್ಲ ಎಂದು ಹುಡುಗಿಯ ತಂದೆಯ ವಾದ. ಕೊಲೆಯಿಂದ ತೊಡಗಿ ಕೊಲೆಯಲ್ಲಿ ಮುಗಿಯುವ ಕಥೆಯಿಂದ ಮಗು ಕಲಿಯುವುದು ಸೇಡನ್ನಲ್ಲದೆ ಮತ್ತೇನು? ವಾದದಲ್ಲಿ ಹುರುಳಿಲ್ಲದೆ ಇಲ್ಲ. ದುರುಳನ ಕಾಮುಕತೆಯೂ ಎಳೆಯರ ಕಣ್ಣಿಗೆ ತಕ್ಕುದಲ್ಲ. ಆದರೆ ಮರುದಿನವೇ ಅವರು ನೊಣ ಹೊಡೆಯುವ ಬ್ಯಾಟನ್ನು ಎತ್ತಿಕೊಂಡಾಗ ಮಗಳು ಓಡಿ ಬಂದು ಕೈ ಹಿಡಿದಳು. “ಯಾರೋ ಏನೋ, ಬಿಡಪ್ಪ!” ಎಂದಳು. ಸೇಡಿನ ಪಾಠ ಕಲಿತವರ ಮಾತಲ್ಲ ಅದು. ತಾಯಿ ಮಾತ್ರ ಹಲಸಿನ ತಟ್ಟೆಯ ಮೇಲೆ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಒತ್ತಿದರು.

ಇನ್ನೊಂದು ಅಭಿಪ್ರಾಯ ಕುಣಿಗಲಿನಿಂದ ಬಂದ ಬೀಗರದು. ಕುದುರೆ ಫಾರಮಿನ ಆಸುಪಾಸಿನಲ್ಲೇ ಬೆಳೆದವರಾದುದರಿಂದ ಪ್ರಾಣಿಯ ವಿಷಯದಲ್ಲಿ ಅವರ ಮಾತಿಗೆ ಮನೆಯಲ್ಲಿ ಬೆಲೆ. ಬರೆದ ಪ್ರಾಣಿ ಎಂದಿದ್ದರೂ ಬರೆದ ಪ್ರಾಣಿಯೇ, ಅದು ಹೇಳಿದ ಹಾಗೆಲ್ಲ ಕುಣಿಯುತ್ತದೆ. ನಿಜವಾದ ಪ್ರಾಣಿಗೆ ತನ್ನದೊಂದು ಇಷ್ಟವಿರುತ್ತದೆ, ಅದೇ ಅದರ ಸೊಗಸು ಎಂದರು. ಅಜ್ಜಿಗೆ ಈ ಮಾತು ಹಿಡಿಸಲಿಲ್ಲ. ಗುಬ್ಬಿಯವರ ಎದುರಿಗೆ ರಂಗದ ಮೇಲಿನ ಪ್ರಾಣಿಯ ಮಾತೆತ್ತುವುದು ಅಷ್ಟು ಕ್ಷೇಮವಲ್ಲ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡೆಲ್ಲ ಹೊಗಳುವಂತೆ ಬೆಳಸಿದವರು ವೀರಣ್ಣನವರು. ಅವರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದುವು. ಅಜ್ಜಿಯ ಮಾವನವರು ಅದನ್ನು ಕಣ್ಣಾರೆ ಕಂಡು ಸಾಯುವ ತನಕ ವರ್ಣಿಸುತ್ತಿದ್ದರಂತೆ. ಸೊಸೆಯಾಗಿ ಬಂದ ಹೊಸತರಲ್ಲಿ ಅಜ್ಜಿ ಆ ವರ್ಣನೆಯನ್ನು ನೂರು ಸಲ ಕೇಳಿದ್ದರು.

“ಬೀಗರೆ, ನಮ್ಮ ಮಾವನವರು ಆನೆಯನ್ನು ವರ್ಣಿಸುತ್ತಿದ್ದರು, ಕುದುರೆಯನ್ನು ವರ್ಣಿಸುತ್ತಿದ್ದರು. ಅದರ ಮೇಲೆ ಕುಳಿತವನು ಏನು ಮಾತನಾಡಿದ ಎಂದು ಕೇಳಿದರೆ ಒಂದು ದಿನವೂ ಹೇಳಲಿಲ್ಲ. ನಿಜವಾದ ಆನೆ ಬಂದರೆ ಜನ ಆನೆಯನ್ನೇ ನೋಡುತ್ತಾರೆ. ಇಲ್ಲಿ ನೊಣವೇ ಇರಲಿಲ್ಲವಂತೆ. ಆ ಶಿವಮೊಗ್ಗದ ಹುಡುಗ ಇಲ್ಲದ ನೊಣಕ್ಕೆ ಹೆದರಿದ. ಅವನ ಹೆದರಿಕೆಯಿಂದ ನೊಣ ಹುಟ್ಟಿತು.”

ಶಿವಮೊಗ್ಗದ ಹುಡುಗನೆಂದರೆ ದುರುಳನ ಪಾತ್ರ ವಹಿಸಿದ ಸುದೀಪ್. ಚಿತ್ರೀಕರಣದ ವೇಳೆಯಲ್ಲಿ ಅವರೆದುರಿಗೆ ಇದ್ದುದು ಬರಿಯ ಗಾಳಿ. ನೊಣವನ್ನು ಆ ಬಳಿಕ ಸೇರಿಸಲಾಯಿತು. ನಿದ್ದೆಯಿಲ್ಲದೆ ಕೆಂಪಾದ ಕಣ್ಣಿನಿಂದ, ತನ್ನ ಮೂಗಿನ ತುದಿಯಲ್ಲಿ ಏನೋ ಇದೆಯೆಂಬಂತೆ ಆತ ದಿಟ್ಟಿಸುವ ನೋಟವೇ ನೋಡುವವರಿಗೆ ಆಧಾರ. ಈ ವಿದ್ಯೆ ಹೊಸದೂ ಅಲ್ಲ. 1914ರಲ್ಲಿಯೇ ಅಮೆರಿಕದ ವಿನ್ಸರ್ ಮೆಕೇ ಎಂಬ ಚಿತ್ರಕಾರನು ಪರದೆಯ ಪಕ್ಕದಲ್ಲಿ ನಿಂತು, ತಾನು ಬರೆದ ಗರ್ಟಿ ಎಂಬ ಡೈನೋಸಾರಿಗೆ ಅಪ್ಪಣೆ ಕೊಡುತ್ತಿದ್ದನು, ಅದು ತಲೆದೂಗುತ್ತಿತ್ತು. 1957ರ ‘ಮಾಯಾಬಜಾರ್’ನಲ್ಲಿ ಲಡ್ಡುಗಳು ತಾವಾಗಿ ಘಟೋತ್ಕಚನ ಬಾಯಿಗೆ ಹಾರಿದುದನ್ನು ನೋಡಿ ಅಜ್ಜಿಯ ತಲೆಮಾರು ಚಪ್ಪಾಳೆ ತಟ್ಟಿತ್ತು. ಎಸ್. ವಿ. ರಂಗರಾಯರ ಆ ತೃಪ್ತಿಯ ಮುಖವಿಲ್ಲದಿದ್ದರೆ ಲಡ್ಡು ಎಷ್ಟು ಹಾರಿದರೇನು!

ಹುಡುಗಿಯ ದೂರು ಬೇರೆಯೇ ಒಂದಿತ್ತು: ಇದೇಕೆ ಕನ್ನಡದಲ್ಲಿಲ್ಲ? ನ್ಯಾಯವಾದ ಪ್ರಶ್ನೆ. ನಿರ್ದೇಶಕರು ಹುಟ್ಟಿದ್ದು ರಾಯಚೂರಿನ ಸೀಮೆಯಲ್ಲಿ, ದುರುಳನು ಕನ್ನಡದ ಪ್ರಸಿದ್ಧ ನಟ. ಆದರೂ 2012ರಲ್ಲಿ ನೊಣ ತಮಿಳಿಗೆ ಹೋಯಿತು, ಮಲಯಾಳಕ್ಕೆ ಹೋಯಿತು, ಹಿಂದಿಗೂ ಹೋಯಿತು. ಕನ್ನಡದ ಬಾಗಿಲಲ್ಲಿ ನಿಂತಿತು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಕೊಡಬಾರದೆಂಬ ಕಟ್ಟು ಚಿತ್ರೋದ್ಯಮದಲ್ಲಿ ದಶಕಗಳಿಂದ ನಡೆದುಬಂದಿತ್ತು. ಇಲ್ಲಿನ ಕಲಾವಿದರ, ಕೆಲಸಗಾರರ ಅನ್ನ ಹೋಗುವುದೆಂಬ ಭಯ ಅದರ ಬುಡ. ಆ ಭಯ ಪೊಳ್ಳೆನ್ನಲಾಗದು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅಂಥ ನಿರ್ಬಂಧ ಸಲ್ಲದೆಂದಿತು, ಮುಂದೆ ಕನ್ನಡದ ಧ್ವನಿಯ ಚಿತ್ರಗಳು ಒಂದೊಂದಾಗಿ ಬಂದುವು. ದೊಡ್ಡವರ ಆ ಜಗಳದ ನಡುವೆ ಎಂಟು ವರ್ಷದವರನ್ನು ಯಾರೂ ಕೇಳಲಿಲ್ಲ. ಹುಡುಗಿ ತಾನೇ ತೀರ್ಪು ಕೊಟ್ಟಳು: ಅಜ್ಜಿ ಹೇಳಿದ ಕಥೆ ಟೀವಿಯಲ್ಲಿ ಬಂದುದಕ್ಕಿಂತ ಚೆನ್ನಾಗಿತ್ತು. ಅಜ್ಜಿ ನಡುನಡುವೆ ಸ್ವಂತದ ಮಾತುಗಳನ್ನು ಸೇರಿಸಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ. ಬೈಗುಳಗಳನ್ನು ಬಿಟ್ಟಿದ್ದರೆಂಬುದೂ ಗೊತ್ತಿರಲಿಲ್ಲ.

ಮೂರನೆಯ ದಿನ ಬೀಗರು ಕುಣಿಗಲಿಗೆ ಹೊರಟುಹೋದರು. ಮನೆ ಸದ್ದಡಗಿತು. ಸಂಜೆ ಅಜ್ಜಿ ಮೊಮ್ಮಗಳನ್ನು ಹತ್ತಿರ ಕರೆದು ಕೇಳಿದರು:

“ನೊಣ ಮುಂಗಾಲು ಉಜ್ಜಿಕೊಂಡಿತು ಎಂದೆಯಲ್ಲ, ಅದು ಹೇಗೆ? ಸಂಚು ಹೂಡುವವನ ಹಾಗೋ, ಸುಮ್ಮನೆ ಕೈ ತೊಳೆದುಕೊಂಡ ಹಾಗೋ?”

“ನೊಣಕ್ಕೆ ಕಾಲಿನಲ್ಲೇ ರುಚಿ ಗೊತ್ತಾಗುತ್ತದಂತೆ ಅಜ್ಜಿ, ಅದಕ್ಕೇ ಉಜ್ಜಿ ಶುದ್ಧ ಮಾಡಿಕೊಳ್ಳುತ್ತದಂತೆ. ಅಮ್ಮ ಹೇಳಿದರು.”

“ಅದಿರಲಿ. ಈ ನೊಣ ಹೇಗೆ ಉಜ್ಜಿತು?”

ಹುಡುಗಿ ಅಜ್ಜಿಯ ಮುಖದ ಮುಂದೆ ಎರಡು ಕೈಗಳನ್ನೂ ಹಿಡಿದು, ತಲೆ ಓರೆಮಾಡಿ, ಮೆಲ್ಲಗೆ ಉಜ್ಜಿ ತೋರಿಸಿದಳು. “ಹೀಗೆ. ಕಂಡಿತಾ?”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಮಬ್ಬಿನಲ್ಲಿ ಬೆಳ್ಳಗೆ ಏನೋ ಅಲುಗಿತು. ಕೈ ಚಾಚಿ ಆ ಪುಟ್ಟ ಕೈಗಳನ್ನು ಹಿಡಿದುಕೊಂಡು, “ಇನ್ನೊಂದು ಸಲ ಮಾಡು” ಎಂದರು. ಹುಡುಗಿ ಅವರ ಅಂಗೈಗಳ ನಡುವೆಯೇ ಮತ್ತೊಮ್ಮೆ ಉಜ್ಜಿದಳು.

ರಾತ್ರಿ ಊಟವಾದ ಮೇಲೆ ಮಗನು ತಟ್ಟೆ ತೊಳೆದು ಬಂದಾಗ ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು.

“ಆ ಡಾಕ್ಟರು ಮೊದಲು ಎಡಗಣ್ಣು ಅಂದರೋ, ಬಲಗಣ್ಣು ಅಂದರೋ?” ಎಂದು ಕೇಳಿದರು.