ಗೌರವಧನದ ಲೆಕ್ಕ

ಅಮೆರಿಕದಲ್ಲಿ ಬೇಸಿಗೆ ಬಂತು ಅಂದ್ರೆ ಮಕ್ಕಳಿರೋ ಮನೆಗಳಲ್ಲಿ ಒಂದೇ ಮಾತು: ಈ ಸಲ ಯಾವ ಕ್ಯಾಂಪು? ಈಜಿಗೊಂದು, ರೋಬಾಟಿಕ್ಸ್‌ಗೊಂದು, ಕುದುರೆ ಸವಾರಿಗೊಂದು. ಅದರಲ್ಲೇ ಒಂದು ಜಾತಿ ಭಾಷಾ ಕ್ಯಾಂಪು. ಕಾಡಿನ ನಡುವೆ ಕೆರೆ, ಕೆರೆಯ ಪಕ್ಕ ಮರದ ಕ್ಯಾಬಿನ್‌ಗಳು, ಒಳಗೆ ಕಾಲಿಟ್ಟ ಮೇಲೆ ಇಂಗ್ಲಿಷ್ ಬಂದ್. ಮಿನೆಸೋಟಾದ ಕಾಂಕಾರ್ಡಿಯಾ ಕಾಲೇಜು 1961ರಲ್ಲಿ ಮಕ್ಕಳಿಗಾಗಿ ಒಂದು ಜರ್ಮನ್ ಕ್ಯಾಂಪ್ ಶುರು ಮಾಡಿತು. ಇವತ್ತು ಅದೇ ಸಂಸ್ಥೆ ಹತ್ತಕ್ಕೂ ಹೆಚ್ಚು ಭಾಷೆಗಳ ‘ಹಳ್ಳಿ’ಗಳನ್ನು ನಡೆಸುತ್ತೆ. ಈ ಥರದ ಕ್ಯಾಂಪ್‌ಗಳಲ್ಲಿ ಮಕ್ಕಳ ಕೈಗೆ ಆಟದ ಪಾಸ್‌ಪೋರ್ಟ್ ಕೊಡ್ತಾರೆ, ಆ ಭಾಷೆಯ ಹೊಸ ಹೆಸರಿಡ್ತಾರೆ, ತಿಂಡಿ ಬೇಕಂದ್ರೆ ಆ ಭಾಷೆಯಲ್ಲೇ ಕೇಳಬೇಕು. ಮೂರು ವಾರಕ್ಕೆ ಮಗು ಮಾತು ಕಲಿತು ಬರುತ್ತೆ. ನಿಜವಾಗ್ಲೂ ಬರುತ್ತೆ, ನಾನೇ ಕಣ್ಣಾರೆ ನೋಡಿದ್ದೀನಿ.

ಹಾಗೆ ಬರೋದಕ್ಕೆ ಕಾರಣ ಕೆರೆಯೂ ಅಲ್ಲ, ಕ್ಯಾಬಿನ್ನೂ ಅಲ್ಲ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರು ಬೆಳಿಗ್ಗೆಯಿಂದ ರಾತ್ರಿವರೆಗೆ ಮಕ್ಕಳ ಜೊತೆಗಿರ್ತಾರೆ, ಅದಕ್ಕೆ. ಜಾಹೀರಾತಿನ ಮೊದಲ ಪುಟದಲ್ಲಿ ಇರೋದೂ ಅವರದ್ದೇ ಫೋಟೊ. ಅವರ ಸಂಬಳದ ವಿಷಯ ಮಾತ್ರ ಯಾವ ಪುಟದಲ್ಲೂ ಇರಲ್ಲ.

2018ರಲ್ಲಿ ನಾನು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿದ್ದೆ. ಇನ್ಶೂರೆನ್ಸ್ ಕಂಪನಿಗಳ ಊರು ಅದು, ಅರ್ಧ ಊರಿನ ಹಳೇ ಕೋಡ್ ನಮ್ಮವರ ಕೈಲೇ ಓಡ್ತಿತ್ತು. ನನ್ನ ಟೀಮಿನಲ್ಲಿದ್ದ ದಾವಣಗೆರೆಯ ಗೆಳೆಯ ತನ್ನ ಹತ್ತು ವರ್ಷದ ಮಗಳನ್ನು ಮೂರು ವಾರ ಒಂದು ಸ್ಪ್ಯಾನಿಷ್ ಕ್ಯಾಂಪಿಗೆ ಹಾಕಿದ್ದ. ವಾರಕ್ಕೆ 1,200 ಡಾಲರ್. ಕ್ಯಾಂಪಿನ ಹೆಸರು ಬೇಡ ಬಿಡಿ, ನಾನು ಹೇಳೋ ವಿಷಯ ಒಂದು ಕ್ಯಾಂಪಿಂದಲ್ಲ. ಮಗಳಿಗೆ ಅಲ್ಲಿನ ಟೀಚರ್ ಮೇಲೆ ಎಷ್ಟು ಪ್ರೀತಿ ಹತ್ತಿತು ಅಂದ್ರೆ, ಆಗಸ್ಟ್ ಕೊನೆಗೆ ಕ್ಯಾಂಪ್ ಮುಗಿದಾಗ ಆಕೆ ವಿಮಾನ ಹತ್ತೋ ಮುಂಚೆ ನಾಲ್ಕು ದಿನ ಇವರ ಮನೆಯಲ್ಲೇ ಉಳಿದಳು. ಮಗು ಆಕೆಯನ್ನ ಕರೀತಿದ್ದದ್ದು ‘ಪ್ರೊಫೆ’ ಅಂತ. ಸ್ಪೇನಿನಲ್ಲಿ ಮಕ್ಕಳು ಮೇಷ್ಟ್ರನ್ನ ಹಾಗೇ ಕರೆಯೋದಂತೆ.

ಪ್ರೊಫೆಗೆ 29 ವರ್ಷ. ಅವರ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದಳು, ಆದರೆ ಖಾಯಂ ಅಲ್ಲ. ಜೂನ್‌ಗೆ ಕಾಂಟ್ರ್ಯಾಕ್ಟ್ ಮುಗಿದ್ರೆ ಮತ್ತೆ ಸೆಪ್ಟೆಂಬರ್‌ಗೆ ಹೊಸದು, ನಡುವಿನ ಎರಡು ತಿಂಗಳು ಸಂಬಳ ಇಲ್ಲ. ಇದನ್ನ ಆಕೆ ಇಂಗ್ಲಿಷ್‌ನಲ್ಲಿ ವಿವರಿಸೋಕೆ ತಡಕಾಡ್ತಿದ್ಲು. ನಮಗೆ ವಿವರಣೆಯೇ ಬೇಕಿರಲಿಲ್ಲ. ಗೆಳೆಯನ ಹೆಂಡತಿ ಒಂದೇ ಪದದಲ್ಲಿ ಮುಗಿಸಿದರು: “ಅತಿಥಿ ಶಿಕ್ಷಕಿ.”

ಊಟ ಆದಮೇಲೆ ಮಾತು ಸಂಬಳಕ್ಕೆ ಬಂತು. ಆಕೆ ಮುಚ್ಚುಮರೆ ಇಲ್ಲದೆ ಹೇಳಿದಳು: ಇಡೀ ಬೇಸಿಗೆಗೆ 2,000 ಡಾಲರ್. ತರಬೇತಿ ವಾರ ಸೇರಿ ಒಂಬತ್ತು ವಾರ. ವಾರಕ್ಕೆ ಒಂದು ದಿನ ರಜೆ. ಬೆಳಿಗ್ಗೆ ಏಳಕ್ಕೆ ಮಕ್ಕಳನ್ನ ಎಬ್ಬಿಸೋದರಿಂದ ರಾತ್ರಿ ದೀಪ ಆರಿಸೋವರೆಗೆ, ನಡುವೆ ಒಂದು ಗಂಟೆ ಬಿಡುವು ಬಿಟ್ಟರೆ, ದಿನಕ್ಕೆ 14 ಗಂಟೆ. ರಾತ್ರಿ ಅದೇ ಕ್ಯಾಬಿನ್‌ನಲ್ಲಿ ಹನ್ನೆರಡು ಮಕ್ಕಳ ಜೊತೆ ಮಲಗೋದು ಲೆಕ್ಕಕ್ಕಿಲ್ಲ. ನಮಗೆ ಇಂಜಿನಿಯರ್‌ಗಳಿಗೆ ಒಂದು ರೋಗ ಇದೆಯಲ್ಲ, ಯಾರಾದ್ರೂ ನಾಲ್ಕು ಸಂಖ್ಯೆ ಹೇಳಿದ್ರೆ ಎಕ್ಸೆಲ್ ತೆಗೀತೀವಿ. ತೆಗೆದೆ. 54 ದಿನ, 756 ಗಂಟೆ. ಗಂಟೆಗೆ 2 ಡಾಲರ್ 65 ಸೆಂಟ್. ಇದರಲ್ಲಿ ವಿಮಾನದ ಟಿಕೆಟ್ 900, ಏಜೆನ್ಸಿಗೂ ವಿಮೆಗೂ ಸೇರಿ 350, ವೀಸಾಕ್ಕೆ 160, ಸರ್ಕಾರದ ನೋಂದಣಿ ಶುಲ್ಕ 35, ಎಲ್ಲಾ ಆಕೆಯ ಕೈಯಿಂದಲೇ. ಕಳೆದರೆ ಉಳಿದದ್ದು 555 ಡಾಲರ್. ಗಂಟೆಗೆ 73 ಸೆಂಟ್.

“ಊಟ, ಇರೋಕೆ ಜಾಗ ಫ್ರೀ ಇತ್ತಲ್ಲಪ್ಪ?” ಅಂದ ಗೆಳೆಯ. ಸರಿ, ಅದನ್ನೂ ಹಾಕೋಣ ಅಂದೆ. ದಿನಕ್ಕೆ 30 ಡಾಲರ್ ಅಂತ ಧಾರಾಳವಾಗಿಯೇ ಹಿಡಿದು, 63 ದಿನಕ್ಕೆ 1,890 ಸೇರಿಸಿದೆ. ಖರ್ಚು ಒಂದು ಪೈಸೆಯೂ ಕಳೆಯದೆ ಗಂಟೆಗೆ 5 ಡಾಲರ್ 15 ಸೆಂಟ್ ಆಯ್ತು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಆಮೇಲೆ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹನ್ನೆರಡು ಮಕ್ಕಳು, ಮಗುವಿಗೆ ವಾರಕ್ಕೆ 1,200 ಅಂದ್ರೆ ಆ ಒಂದು ಕ್ಯಾಬಿನ್ನಿಂದ ವಾರಕ್ಕೆ 14,400 ಬರುತ್ತೆ, ಆಕೆಗೆ ಹೋಗೋದು ಸುಮಾರು 222 ಅನ್ನೋದು ಅವನಿಗೇ ಹೊಳೆದಿರಬೇಕು. ಅಡುಗೆ, ನರ್ಸು, ವಿಮೆ, ಜಾಗದ ಖರ್ಚು ಎಲ್ಲಾ ಇರುತ್ತೆ, ಒಪ್ಪಿದೆ. ಆದರೂ ಮಗು ಅಲ್ಲಿಗೆ ಹೋಗಿದ್ದು ನರ್ಸನ್ನು ನೋಡೋಕಲ್ಲ.

ಇದರಲ್ಲಿ ಕಾನೂನುಬಾಹಿರ ಅನ್ನೋದು ಏನಾದ್ರೂ ಇದೆಯಾ ಅಂತ ಆ ರಾತ್ರಿ ಕೂತು ಓದಿದೆ. ತಮಾಷೆ ಅಂದ್ರೆ, ಇರಬೇಕಾಗಿಯೇ ಇಲ್ಲ. ಅಲ್ಲಿನ ಕೂಲಿ ಕಾನೂನಿನಲ್ಲಿ ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ, ಕ್ಯಾಂಪ್‌ಗಳಿಗೆ ಕನಿಷ್ಠ ಕೂಲಿಯಿಂದಲೇ ವಿನಾಯಿತಿ ಇದೆ. ಇನ್ನು ವೀಸಾ. ಇವರು ಬರೋದು ಜೆ-1ರಲ್ಲಿ, ಅದು 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆಯ ಕೆಳಗೆ ಬರೋ ‘ಸಾಂಸ್ಕೃತಿಕ ವಿನಿಮಯ’ದ ವೀಸಾ. ಕೆಲಸದ ವೀಸಾ ಅಲ್ಲ. ಜೆ-1ರಲ್ಲೇ ‘ಟೀಚರ್’ ಅಂತ ಒಂದು ವಿಭಾಗ ಇದೆ, ಪದವಿಯೂ ಎರಡು ವರ್ಷದ ಅನುಭವವೂ ಇದ್ದರೆ ಅದರಲ್ಲಿ ಶಾಲೆಗೆ ಸೇರಬಹುದು. ಆದ್ರೆ ಕ್ಯಾಂಪು ಶಾಲೆಯಲ್ಲವಲ್ಲ. ಹಾಗಾಗಿ ಪ್ರೊಫೆ ಕಾಗದದ ಮೇಲೆ ‘ಕ್ಯಾಂಪ್ ಕೌನ್ಸೆಲರ್’.

ಆ ವಿಭಾಗದ ನಿಯಮ ಓದೋಕೆ ಚೆನ್ನಾಗಿದೆ: ವಿದೇಶಿಯರಿಗೆ ಅದೇ ಕೆಲಸದ ಅಮೆರಿಕನ್ನರಿಗೆ ಸಮನಾದ ಸಂಬಳ, ಸೌಲಭ್ಯ ಕೊಡಬೇಕು. ಸಮಾನತೆ! ಯಾರಿಗೆ ಸಮಾನ ಅಂತ ಕೇಳಿ. ಪಕ್ಕದ ಕ್ಯಾಬಿನ್‌ನಲ್ಲಿರೋ 19 ವರ್ಷದ ಕಾಲೇಜು ಹುಡುಗನಿಗೆ. ಅವನಿಗೆ ಅದು ರಜೆಯ ಮಜಾ. ಅಪ್ಪನ ಕಾರಲ್ಲಿ ಬಂದು ಇಳೀತಾನೆ, ಟಿಕೆಟ್ ಇಲ್ಲ, ವೀಸಾ ಇಲ್ಲ. ದೋಣಿ ನಡೆಸೋದನ್ನ, ಬೆಂಕಿ ಹಾಕೋದನ್ನ ಹೇಳಿಕೊಡ್ತಾನೆ, ಅದು ಕೆಲಸವೇ. ಆದರೆ ಕ್ಯಾಂಪಿನವರು ಪೋಷಕರಿಗೆ ಮಾರ್ತಿರೋದು ಆಕೆಯ ಭಾಷೆಯನ್ನ, ಆಕೆಯ ನಾಲ್ಕು ವರ್ಷದ ಪಾಠದ ಅನುಭವವನ್ನ. ಸಂಬಳ ಕೊಡುವಾಗ ಮಾತ್ರ ಭಾಷೆ ಅನ್ನೋದು ಹುಟ್ಟಿನಿಂದ ಪುಕ್ಕಟೆ ಬಂದದ್ದು, ಅದಕ್ಕೇನು ದುಡ್ಡು ಅನ್ನೋ ಲೆಕ್ಕ. ತಾಯ್ನುಡಿ ಗೊತ್ತಿರೋದು ಬೇರೆ, ಅದನ್ನ ಹತ್ತು ವರ್ಷದ ಮಗುವಿನ ಬಾಯಿಗೆ ತರಿಸೋದು ಬೇರೆ. ನಂಬಿಕೆ ಬರದಿದ್ರೆ ಒಂದು ಭಾನುವಾರ ನಿಮ್ಮ ಆಫೀಸಿನ ನಾಲ್ಕು ಜನಕ್ಕೆ ‘ಹೋಗಿದ್ದೆ’, ‘ಹೋಗ್ತಿದ್ದೆ’, ‘ಹೋಗಿರ್ತೀನಿ’ ವ್ಯತ್ಯಾಸ ಹೇಳಿಕೊಡೋಕೆ ಕೂತು ನೋಡಿ.

ನನ್ನದು ಎಚ್-1ಬಿ. ಅದರ ಗೋಳು ನಿಮಗೆಲ್ಲ ಗೊತ್ತಿರೋದೇ. ಆದ್ರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನನ್ನ ಅಲ್ಲಿಗೆ ಕಳಿಸೋ ಮುಂಚೆ ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಕಾಗದ ಕೊಟ್ಟು, ಆ ಊರಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರೋ ಸಂಬಳಕ್ಕಿಂತ ಕಡಿಮೆ ಕೊಡಲ್ಲ ಅಂತ ಬರೆದುಕೊಡಬೇಕಿತ್ತು. ಆ ಕಾಗದದ ನೋಟಿಸು ಕ್ಲೈಂಟ್ ಆಫೀಸಿನ ಪ್ಯಾಂಟ್ರಿ ಗೋಡೆ ಮೇಲೆ, ಕಾಫಿ ಮಷಿನ್ ಪಕ್ಕದಲ್ಲಿ ಅಂಟಿಸಿತ್ತು. ಹೆಸರಿಲ್ಲದಿದ್ರೂ ಅದು ನನ್ನದೇ ಅಂತ ಎಲ್ಲರಿಗೂ ಗೊತ್ತು. ಸಂಬಳ ಊರೆಲ್ಲ ಓದ್ತಿದೆಯಲ್ಲ ಅಂತ ನನಗೆ ಮುಜುಗರ. ಪ್ರೊಫೆಗೆ ಇದನ್ನ ಹೇಳಿದ್ರೆ ನಗಲಿಲ್ಲ. “ನಿಮ್ಮ ಸಂಬಳ ಗೋಡೆ ಮೇಲಾದ್ರೂ ಇತ್ತು,” ಅಂದಳು.

ಆಕೆಯ ಕ್ಯಾಂಪಿನಲ್ಲಿ ಸಂಬಳ ಅನ್ನೋ ಪದವನ್ನೇ ಬಳಸಲ್ಲವಂತೆ. ‘ಸ್ಟೈಪೆಂಡ್’. ನಮ್ಮಲ್ಲಿ ಅದಕ್ಕಿಂತ ಚೆಂದದ ಪದ ಇದೆ: ಗೌರವಧನ. ಅಂಗನವಾಡಿ ಕಾರ್ಯಕರ್ತೆಗೆ ಗೌರವಧನ, ಆಶಾ ಕಾರ್ಯಕರ್ತೆಗೆ ಗೌರವಧನ, ಅತಿಥಿ ಶಿಕ್ಷಕರಿಗೆ ಗೌರವಧನ. ಇಂಜಿನಿಯರಿಗೆ, ತಹಶೀಲ್ದಾರರಿಗೆ ಮಾತ್ರ ಸಂಬಳ. ಯಾರಿಗೆ ದುಡ್ಡು ಕಡಿಮೆಯೋ ಅವರಿಗೇ ಗೌರವ ಸೇರಿಸಿ ಕೊಡೋದು ನೋಡಿ. ನಮ್ಮೂರಲ್ಲಿ ವರ್ಷಕ್ಕಿಷ್ಟು ಅಂತ ಮಾತಾಡಿ ಇಟ್ಟುಕೊಳ್ತಿದ್ದ ಸಂಬಳದಾಳಿಗೂ ಊಟ, ಬಟ್ಟೆ, ಕಂಬಳಿ ಎಲ್ಲಾ ಇತ್ತು. “ಅವನು ನಮ್ಮನೆ ಮಗ ಇದ್ದಂಗೆ” ಅಂತಿದ್ರು. ಆಸ್ತಿ ಭಾಗ ಆಗುವಾಗ ಆ ಮಗನನ್ನ ಯಾರೂ ಕರೀತಿರಲಿಲ್ಲ. ಕ್ಯಾಂಪಿನ ಕೊನೇ ರಾತ್ರಿ ಬೆಂಕಿಯ ಸುತ್ತ ನಿಂತು ನಿರ್ದೇಶಕರು ‘ನಾವೆಲ್ಲ ಒಂದೇ ಕುಟುಂಬ’ ಅಂದರು ಅಂತ ಪ್ರೊಫೆ ಹೇಳಿದಾಗ ನನಗೆ ನೆನಪಾಗಿದ್ದು ಆ ಕಂಬಳಿ.

ಹೆಸರಿನ ಈ ಆಟವನ್ನ ಕೋರ್ಟುಗಳು ಆಗಾಗ ಹಿಡೀತವೆ. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಯಿಟಿ ಕೊಡಬೇಕು ಅಂದಾಗ, ಗೌರವಧನ ಅಂತ ಕೊಡ್ತಿರೋದು ಆ ಕಾಯ್ದೆಯ ಲೆಕ್ಕಕ್ಕೆ ಸಂಬಳವೇ ಅಂತ ಹೇಳಿತು. ಅಮೆರಿಕದಲ್ಲೂ ಇದೇ ಜೆ-1ರ ಇನ್ನೊಂದು ವಿಭಾಗ ಇದೆ: ಒಂದು ಮನೆಯಲ್ಲಿ ಉಳಿದು ಮಕ್ಕಳನ್ನ ನೋಡಿಕೊಳ್ಳೋ ‘ಓ ಪೇರ್’ ಹುಡುಗಿಯರದ್ದು. ಅವರಿಗೆ ವಾರಕ್ಕೆ 45 ಗಂಟೆಗೆ ಕೊಡ್ತಿದ್ದದ್ದು 195.75 ಡಾಲರ್. ಆ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? 45ನ್ನ 7.25ರಿಂದ ಗುಣಿಸಿ, ಊಟ-ವಸತಿ ಅಂತ ನೂರಕ್ಕೆ 40 ಕಳೆದರೆ ಬರುತ್ತೆ. ಅವರಲ್ಲಿ ಕೆಲವರು ಕೊಲರಾಡೋದಲ್ಲಿ ಕೇಸು ಹಾಕಿದರು, 2019ರ ಜನವರಿಯಲ್ಲಿ ಅವರನ್ನ ಕರೆಸಿಕೊಂಡಿದ್ದ ಏಜೆನ್ಸಿಗಳು 6 ಕೋಟಿ 55 ಲಕ್ಷ ಡಾಲರ್ ಕೊಟ್ಟು ರಾಜಿಗೆ ಬಂದವು. ಸಾಂಸ್ಕೃತಿಕ ವಿನಿಮಯ ಅನ್ನೋ ಮಾತನ್ನ ಏಜೆನ್ಸಿಗಳು ಅಲ್ಲೂ ಹೇಳಿದ್ದವು.

“ಅಲ್ಲಪ್ಪ, ಕಾಂಟ್ರ್ಯಾಕ್ಟ್ ಓದಿ ತಾನೇ ಸೈನ್ ಮಾಡಿದ್ದು? ಅಮೆರಿಕ ನೋಡೋಕೂ ಸಿಕ್ತಲ್ಲ,” ಅಂತ ಗೆಳೆಯ ಒಂದು ಸಲ ವಾದ ಮಾಡಿದ. ಪಾಪ, ಕೆಟ್ಟವನಲ್ಲ. ಆದರೆ ಇದೇ ಮಾತನ್ನ ‘ಆನ್‌ಸೈಟ್ ಅವಕಾಶ’ ಅನ್ನೋ ಹೆಸರಲ್ಲಿ ನಮಗೆ ಎಷ್ಟು ಸಲ ಹೇಳಿಲ್ಲ! ಅಮೆರಿಕ ನೋಡಿದ್ದೂ ಅಷ್ಟರಲ್ಲೇ ಇದೆ. ಒಂಬತ್ತು ರಜಾದಿನ, ಅದರಲ್ಲಿ ಐದು ಬಟ್ಟೆ ಒಗೆಯೋಕೆ, ನಿದ್ದೆ ಮಾಡೋಕೆ ಹೋದವು ಅಂದಳು. ಕೆಲಸ ಬಿಟ್ಟು ಹೋಗೋಣ ಅಂದ್ರೆ ವೀಸಾ ಕ್ಯಾಂಪಿಗೇ ಕಟ್ಟಿರುತ್ತೆ. ಬಿಟ್ಟರೆ ಮನೆಗೆ. ಮಕ್ಕಳನ್ನ ಮಾತ್ರ ಆಕೆ ಒಂದು ಮಾತೂ ದೂರಲಿಲ್ಲ. ಮುಂದಿನ ವರ್ಷ ಸಂಬಳ ಸರಿ ಮಾಡಿದ್ರೆ ಖಂಡಿತ ಬರ್ತೀನಿ ಅಂತಲೇ ಹೋದಳು.

ಸರಿ ಮಾಡೋದು ಅಂದ್ರೆ ದೊಡ್ಡ ಕ್ರಾಂತಿ ಏನಲ್ಲ. ಭಾಷೆ ಕಲಿಸೋರನ್ನ ಕೌನ್ಸೆಲರ್‌ಗಳಿಂದ ಬೇರೆ ಮಾಡಿ, ಅವರಿಗೆ ಟೀಚರ್ ಸಂಬಳ ಕೊಟ್ಟು, ಟಿಕೆಟ್ಟು ಮತ್ತು ವೀಸಾ ಖರ್ಚು ಕ್ಯಾಂಪೇ ಹಾಕಿಕೊಂಡು, ರಾತ್ರಿ ಕ್ಯಾಬಿನ್ ಕಾಯೋ ಕೆಲಸ ಬೇರೆಯವರಿಗೆ ಕೊಟ್ಟರೆ ಮುಗೀತು. ಫೀಸು ಸ್ವಲ್ಪ ಏರುತ್ತೆ. ವಾರಕ್ಕೆ 1,200 ಕೊಡೋ ಅಪ್ಪ 1,280ಕ್ಕೆ ಓಡಿ ಹೋಗಲ್ಲ, ನನ್ನ ಗೆಳೆಯ ಅಂತೂ ಹೋಗ್ತಿರಲಿಲ್ಲ. ಆಕೆ ಇದನ್ನೆಲ್ಲ ಒಂದು ಪತ್ರ ಬರೆದು ಕ್ಯಾಂಪಿಗೆ ಕಳಿಸಿದಳು, ನನ್ನ ಎಕ್ಸೆಲ್ ಜೊತೆಗೆ. ನಮ್ಮ ಎಲ್ಲ ಸಿಬ್ಬಂದಿಗೂ ಒಂದೇ ನಿಯಮ ಅಂತ ವಿನಯದ ಉತ್ತರ ಬಂತು.

2019ರ ಬೇಸಿಗೆಗೆ ಆಕೆ ಬರಲಿಲ್ಲ. ತನ್ನೂರಿನಲ್ಲೇ ವಿದೇಶಿ ವಿದ್ಯಾರ್ಥಿಗಳಿಗೆ ಸ್ಪ್ಯಾನಿಷ್ ಹೇಳಿಕೊಡೋ ಒಂದು ಸಂಸ್ಥೆಗೆ ಸೇರಿದಳು, ಗಂಟೆ ಲೆಕ್ಕದ ಸಂಬಳಕ್ಕೆ. ಗೆಳೆಯನ ಮಗಳಿಗೆ ಭಾನುವಾರ ಬೆಳಿಗ್ಗೆ ಸ್ಕೈಪ್‌ನಲ್ಲಿ ಪಾಠ ಶುರುವಾಯಿತು. ಫೀಸು ಪ್ರೊಫೆಯೇ ಹೇಳಿದ್ದು, ಗಂಟೆಗೆ 25 ಡಾಲರ್. ಗೆಳೆಯ 20ಕ್ಕೆ ಚೌಕಾಸಿ ಮಾಡೋಕೆ ಹೋಗಿ ಹೆಂಡತಿ ಕೈಲಿ ಬೈಸಿಕೊಂಡ.