ಭಾಗಾಕಾರದ ಕೆಳಗಿನ ಮೆಟ್ಟಿಲು

ಪ್ರೀತಿಯ ಗೆಳತಿ,

ನಿಮ್ಮ ಕಾಗದ ತಲುಪಿತು. ಮೂರು ವಾರ ಭಾಗಾಕಾರ ಕಲಿಸಿದರೂ ಐದನೇ ತರಗತಿಯ ಅರ್ಧ ಮಕ್ಕಳಿಗೆ ಬರಲಿಲ್ಲ, ಮಗ್ಗಿ ಕೇಳಿದರೆ ಮಾತ್ರ ಗಡಗಡ ಒಪ್ಪಿಸುತ್ತಾರೆ ಎಂದು ಬೇಸರದಿಂದ ಬರೆದಿದ್ದೀರಿ. ಓದುತ್ತಿದ್ದಂತೆ ನೆನಪಾದವನು, ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ. 612ನ್ನು 3ರಿಂದ ಭಾಗಿಸು ಎಂದರೆ ಪ್ರತಿ ಸಲ 24 ಎಂದು ಬರೆಯುತ್ತಿದ್ದ. ನಾನು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮತ್ತೆ ಮತ್ತೆ ಮಾಡಿ ತೋರಿಸಿದೆ. ಅವನು ಮತ್ತೆ 24 ಬರೆದ. ಭಾಗಿಸುವ ಕ್ರಮವೆಲ್ಲ ಅವನಿಗೆ ಗೊತ್ತಿತ್ತು. ಆ 6 ಬರೀ ಆರಲ್ಲ, ಆರುನೂರು ಎನ್ನುವುದು ಗೊತ್ತಿರಲಿಲ್ಲ.

ಒಂದು ದಿನ ಆಟದ ನೋಟುಗಳನ್ನು ಅವನ ಕೈಗೆ ಕೊಟ್ಟೆ. ನೂರರವು ಆರು, ಹತ್ತರದು ಒಂದು, ಒಂದು ರೂಪಾಯಿ ನಾಣ್ಯ ಎರಡು. ಮೂವರಿಗೆ ಸಮನಾಗಿ ಹಂಚು ಎಂದೆ. ನೂರರ ನೋಟು ಎರಡೆರಡು ಹಂಚಿದ. ಹತ್ತರ ನೋಟು ಹಿಡಿದು ನಿಂತುಬಿಟ್ಟ. “ಒಂದೇ ಇದೆಯಲ್ಲ ಮಿಸ್, ಮೂರು ಜನಕ್ಕೆ ಹೇಗೆ ಕೊಡೋದು?” ಚಿಲ್ಲರೆ ಮಾಡಿಸಿಕೋ ಎಂದೆ. ಹತ್ತು ನಾಣ್ಯ ತಂದು, ಇದ್ದ ಎರಡರ ಜೊತೆ ಸೇರಿಸಿ, ನಾಲ್ಕು ನಾಲ್ಕು ಹಂಚಿದ. ಆಮೇಲೆ ಪಾಲುಗಳನ್ನು ನೋಡುತ್ತಾ, “ಹತ್ತರ ನೋಟು ಯಾರಿಗೂ ಸಿಗಲಿಲ್ಲ” ಎಂದ. ನಡುವಿನ ಸೊನ್ನೆ ಅವನಿಗೆ ಕಂಡದ್ದು ಆಗ. ತಾನಾಗಿಯೇ 204 ಬರೆದ.

ಬಿ.ಎಡ್.ನಲ್ಲಿ ಓದಿದ ರಾಬರ್ಟ್ ಗ್ಯಾಗ್ನೆ ನೆನಪಿದ್ದಾರೆಯೇ? 1960ರ ದಶಕದಲ್ಲಿ ಆ ಅಮೆರಿಕದ ಮನಶ್ಶಾಸ್ತ್ರಜ್ಞ ಬರೆದದ್ದರ ತಿರುಳು ಇದೇ. ಗುರಿಯನ್ನು ಮುಂದಿಟ್ಟುಕೊಂಡು, ಇದನ್ನು ಮಾಡಬೇಕಾದರೆ ಮಗುವಿಗೆ ಮೊದಲೇ ಏನು ಬರುತ್ತಿರಬೇಕು ಎಂದು ಕೇಳಿಕೊಳ್ಳಬೇಕು. ಸಿಕ್ಕ ಉತ್ತರಕ್ಕೂ ಮತ್ತೆ ಅದೇ ಪ್ರಶ್ನೆ. ಮಗು ಗಟ್ಟಿಯಾಗಿ ಕಾಲೂರಿ ನಿಂತ ಮೆಟ್ಟಿಲು ಸಿಗುವ ತನಕ ಇಳಿಯುತ್ತಲೇ ಹೋಗಬೇಕು. ಪಾಠ ಶುರುವಾಗಬೇಕಾದದ್ದು ಅಲ್ಲಿಂದ, ಪುಸ್ತಕ ಯಾವ ಪುಟದಲ್ಲಿದ್ದರೂ ಸರಿ.

ಭಾಗಾಕಾರದ ಕೆಳಗೆ ಇಳಿದರೆ ಸ್ಥಾನಬೆಲೆ ಸಿಗುತ್ತದೆ, ದಶಕ ತೆಗೆದುಕೊಂಡು ಕಳೆಯುವುದು ಸಿಗುತ್ತದೆ. ಮಗ್ಗಿಯೂ ಸಿಗುತ್ತದೆ, ಆದರೆ ನಿಮ್ಮ ಮಕ್ಕಳು ಒಪ್ಪಿಸುವ ಮಗ್ಗಿ ಅದಲ್ಲ. 17ರಲ್ಲಿ 3 ಎಷ್ಟು ಸಲ ಹೋಗುತ್ತದೆ ಎಂದು ಹುಡುಕುವುದು ಬೇರೆಯೇ ವಿದ್ಯೆ, ಅದನ್ನು ಬೇರೆಯಾಗಿಯೇ ಕಲಿಸಬೇಕು. ಸೋಮವಾರ ಒಂದು ಚಿಕ್ಕ ಚೀಟಿ ಕೊಡಿ: 612ರಲ್ಲಿ 1ರ ಬೆಲೆ ಎಷ್ಟು, 17ರಲ್ಲಿ 3 ಎಷ್ಟು ಸಲ, 52ರಲ್ಲಿ 38 ಕಳೆದರೆ ಎಷ್ಟು. ಹತ್ತು ನಿಮಿಷದ ಕೆಲಸ. ಯಾರು ಎಲ್ಲಿ ಎಡವುತ್ತಿದ್ದಾರೆ ಎಂದು ತಿಳಿದುಹೋಗುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ನಾವು ಮೊದಲು ಕಲಿತದ್ದೆಲ್ಲ ಮೆಟ್ಟಿಲಾಗಿರುವುದಿಲ್ಲ. ಅ ಆ ಇ ಈ ಇಡೀ ವರ್ಣಮಾಲೆ ಬಾಯಿಪಾಠವಾಗದೆ ಓದಲು ಬಾರದು ಎಂದೇ ನಾನೂ ನಂಬಿದ್ದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಆ ನಂಬಿಕೆಯನ್ನು ಬಿಡಿಸಿತು. ಅಲ್ಲಿ ಮಗು ರ ಗ ಸ ದ ಅ ಎಂದು ಶುರು ಮಾಡುತ್ತದೆ. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಓದಬಹುದು. ಓದಲು ಬೇಕಾದದ್ದು ಅಕ್ಷರದ ಗುರುತು. ವರ್ಣಮಾಲೆಯ ಸಾಲು ಆಮೇಲೆ ಬಂದರೂ ನಡೆಯುತ್ತದೆ. ನೀವು ಮಾಡಿಕೊಳ್ಳುವ ಮೆಟ್ಟಿಲುಗಳ ಪಟ್ಟಿಯಲ್ಲೂ ಇಂಥವು ಒಂದೆರಡು ಸೇರಿಕೊಳ್ಳಬಹುದು, ಕೈಬಿಡಿ. ಮಕ್ಕಳ ಸಮಯ ಉಳಿಯುತ್ತದೆ.

ಚೀಟಿ ತಿದ್ದಿದ ಮೇಲೆ ಬರೆಯಿರಿ. ಕಳೆಯುವ ಲೆಕ್ಕದಲ್ಲಿ ಹೆಚ್ಚು ಮಕ್ಕಳು ನಿಂತಿದ್ದರೆ, ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ ನನ್ನ ಹಳೆಯ ಕಟ್ಟುಗಳು ಇನ್ನೂ ಇವೆ, ಕಳಿಸಿಕೊಡುತ್ತೇನೆ.

ನಿಮ್ಮ ಗೆಳತಿ